ಮೈಲುತುತ್ತ, ಸುಣ್ಣ, ಚೊಗರು: ಮಲೆನಾಡಿನ ಶಾಲೆಗೆ ತೋಟದ ರಸಾಯನಶಾಸ್ತ್ರ

ಮಳೆಗಾಲ ಹಿಡಿಯುವ ಹೊತ್ತಿಗೆ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯ ಅಡಿಕೆ ತೋಟಗಳಲ್ಲಿ ಕೊಳೆರೋಗಕ್ಕೆ ಔಷಧಿ ಹೊಡೆಯುವ ಗಡಿಬಿಡಿ. ಬ್ಯಾರೆಲಿನಲ್ಲಿ ಮೈಲುತುತ್ತ (ತಾಮ್ರದ ಸಲ್ಫೇಟ್) ಕರಗಿಸುತ್ತಾರೆ, ಸುಣ್ಣ ಸೋಸುತ್ತಾರೆ, ಎರಡನ್ನೂ ಕಲಸಿ ಕತ್ತಿ ಅದ್ದಿ ನೋಡುತ್ತಾರೆ. ಇದನ್ನೆಲ್ಲ ಕಣ್ಣಾರೆ ಕಂಡ ಮಕ್ಕಳೇ ಹತ್ತನೇ ತರಗತಿಯಲ್ಲಿ ಕೂತು ಸ್ಥಾನಪಲ್ಲಟ ಕ್ರಿಯೆಯ ವ್ಯಾಖ್ಯೆಯನ್ನು ಬಾಯಿಪಾಠ ಮಾಡುತ್ತಾರೆ. ಪಠ್ಯದಲ್ಲಿ ತಾಮ್ರದ ಸಲ್ಫೇಟ್ ದ್ರಾವಣಕ್ಕೆ ಕಬ್ಬಿಣದ ಮೊಳೆ ಹಾಕುವ ಚಟುವಟಿಕೆ ಇದೆ, ಕಬ್ಬಿಣ ಕರಗಿ ಅದರ ಜಾಗದಲ್ಲಿ ತಾಮ್ರ ಕೂರುತ್ತದೆ. ತೋಟದಲ್ಲಿ ಅಪ್ಪ ಕತ್ತಿ ಅದ್ದುವುದೂ ಅದೇ ಕ್ರಿಯೆಯನ್ನು ನೋಡುವುದಕ್ಕೆ. ಎರಡೂ ಒಂದೇ ಎಂಬ ಮಾತು ತರಗತಿಯಲ್ಲಿ ಎಷ್ಟೋ ಸಲ ಬರುವುದೇ ಇಲ್ಲ.

ಉಕ್ಕುವ ಜ್ವಾಲಾಮುಖಿ, ಬಣ್ಣ ಬದಲಿಸುವ ನೀರು ವಿಜ್ಞಾನ ಪ್ರದರ್ಶನಕ್ಕೆ ಚಂದ. ಮಕ್ಕಳು ಚಪ್ಪಾಳೆ ತಟ್ಟುತ್ತಾರೆ, ಮಾರನೇ ದಿನಕ್ಕೆ ಅದರಿಂದ ಒಂದು ಪ್ರಶ್ನೆಯೂ ಉಳಿದಿರುವುದಿಲ್ಲ. ಕುತೂಹಲ ಹುಟ್ಟಬೇಕಾದರೆ ಮಗು ಮೊದಲು ತನ್ನ ಊಹೆಯನ್ನು ಬರೆದಿಡಬೇಕು, ಆಮೇಲೆ ತಾನೇ ಅಳೆಯಬೇಕು, ಊಹೆ ತಪ್ಪಿದ ಕಡೆ ನಿಲ್ಲಬೇಕು. ಅದಕ್ಕೆ ತಕ್ಕಂಥ ಎರಡು ಪ್ರಯೋಗಗಳನ್ನು, ಅಂದರೆ ಬೋರ್ಡೋ ದ್ರಾವಣ (ಮೈಲುತುತ್ತ, ಸುಣ್ಣ ಕಲಸಿದ ಆ ಕೊಳೆಯ ಔಷಧಿ) ಮತ್ತು ಚೊಗರಿನ (ಅಡಿಕೆ ಬೇಯಿಸಿದ ನೀರಿನ) ಶಾಯಿಯನ್ನು, ಇಲ್ಲಿ ವಿವರವಾಗಿ ಕೊಟ್ಟಿದ್ದೇವೆ. ಮಣ್ಣು ಮತ್ತು ಮುರುಗಲಿನ (ಕೋಕಂ ಹಣ್ಣಿನ) ವಿಚಾರ ಚಿಕ್ಕದಾಗಿ ಬರುತ್ತದೆ.

ಕೂಡಿಸಿಕೊಳ್ಳಬೇಕಾದ ಸಾಮಾನು

ಮೂವತ್ತು ಮಕ್ಕಳ ತರಗತಿಗೆ, ಐದೈದು ಮಂದಿಯ ಆರು ಗುಂಪಿಗೆ ಲೆಕ್ಕ ಹೀಗೆ: ಗೊಬ್ಬರದ ಅಂಗಡಿಯಿಂದ 10 ಗ್ರಾಂ ಮೈಲುತುತ್ತ, 10 ಗ್ರಾಂ ಒಣ ಅರಳಿದ ಸುಣ್ಣದ ಪುಡಿ, ಮೆಡಿಕಲ್ ಸ್ಟೋರಿನ 10 ಮಿ.ಲೀ. ಸಿರಿಂಜ್ ಹನ್ನೆರಡು (ಸೂಜಿ ಬೇಡ), ಸಣ್ಣ ಪಾರದರ್ಶಕ ಬಾಟಲಿ ಮೂವತ್ತು, ಬರೀ ಕಬ್ಬಿಣದ ಮೊಳೆಗಳು, ಮರಳು ಕಾಗದ, ಅರಿಶಿನ, ಸರ್ಜಿಕಲ್ ಸ್ಪಿರಿಟ್, ವಿನೆಗರ್, ಹಳೆಯ ಹತ್ತಿಬಟ್ಟೆ.

ಮೊಳೆಯ ವಿಷಯದಲ್ಲಿ ಎಚ್ಚರ ಬೇಕು. ಹೊಳೆಯುವ ಬೂದು ಬಣ್ಣದ ಜಿ.ಐ. ಮೊಳೆಯ ಮೇಲೆ ಸತುವಿನ ಲೇಪ ಇರುತ್ತದೆ. ಅದು ತಾಮ್ರವನ್ನು ಕೆಂಪಾಗಿ ಕೂರಿಸುವ ಬದಲು ಕಪ್ಪು ಪುಡಿಯಾಗಿ ಕೂರಿಸುತ್ತದೆ, ಮಕ್ಕಳಿಗೆ ಗೊಂದಲವಾಗುತ್ತದೆ. ಸ್ಟೀಲಿನ ಚಮಚವೂ ಆಗದು. ಸ್ಟೇನ್‌ಲೆಸ್ ಸ್ಟೀಲಿನ ಮೇಲಿರುವ ತೆಳು ಆಕ್ಸೈಡ್ ಪದರ ಕ್ರಿಯೆಯನ್ನು ತಡೆಯುತ್ತದೆ. ಸಾದಾ ಕಬ್ಬಿಣದ ಮೊಳೆಯನ್ನು ಮರಳು ಕಾಗದದಿಂದ ಹೊಳಪು ಬರುವವರೆಗೆ ಉಜ್ಜಿ ಬಳಸಿ. ಎಣ್ಣೆ ಅಥವಾ ತುಕ್ಕು ಇದ್ದರೆ ತಾಮ್ರ ತೇಪೆ ತೇಪೆಯಾಗಿ ಕೂರುತ್ತದೆ.

ನೀರು ಮಳೆಯದ್ದಾಗಲಿ. ಬೋರ್‌ವೆಲ್ ನೀರಿನಲ್ಲಿರುವ ಬೈಕಾರ್ಬೊನೇಟ್ ತಾಮ್ರದೊಂದಿಗೆ ಸೇರಿ ದ್ರಾವಣವನ್ನು ಮೊದಲೇ ಮಬ್ಬು ಮಾಡುತ್ತದೆ. ವರ್ಷಕ್ಕೆ 7,000 ಮಿ.ಮೀ.ಗೂ ಮಿಕ್ಕಿ ಮಳೆ ಸುರಿಯುವ ಆಗುಂಬೆಯ ಸೀಮೆಯಲ್ಲಿ ಬಟ್ಟಿ ಇಳಿಸಿದ ನೀರನ್ನು ದುಡ್ಡು ಕೊಟ್ಟು ತರಬೇಕಾಗಿಲ್ಲ. ಮಳೆ ಶುರುವಾಗಿ ಅರ್ಧ ಗಂಟೆಯಾದ ಮೇಲೆ, ಹೆಂಚು ಅಥವಾ ತಗಡಿನ ಮೇಲಿಂದ ಬಿದ್ದ ನೀರು ಸೇರದಂತೆ, ಬಯಲಿನಲ್ಲಿ ಪ್ಲಾಸ್ಟಿಕ್ ಬಕೆಟ್ ಇಟ್ಟರೆ ಆಯಿತು.

ಸುರಕ್ಷತೆಯ ಮಾತು ಮೊದಲೇ ಆಗಬೇಕು. ಮೈಲುತುತ್ತ ಹೊಟ್ಟೆಗೆ ಹೋದರೆ ವಿಷ, ಸುಣ್ಣ ಕಣ್ಣಿಗೆ ಬಿದ್ದರೆ ಕಣ್ಣೇ ಹೋಗಬಹುದು. ಕನ್ನಡಕ ಮತ್ತು ಕೈಗವಸು ಇಲ್ಲದೆ ಯಾರೂ ಮೇಜಿನ ಹತ್ತಿರ ಬರಬಾರದು. ಕಣ್ಣಿಗೆ ಸಿಡಿದರೆ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ಬಿಡದೆ ತೊಳೆದು ಆಸ್ಪತ್ರೆಗೆ ಕರೆದೊಯ್ಯಿರಿ. ಸುಟ್ಟ ಸುಣ್ಣವನ್ನು ಮಕ್ಕಳ ಕೈಗೆ ಕೊಡಬೇಡಿ, ನೀರು ಬಿದ್ದ ಕೂಡಲೇ ಅದು ಕುದಿಯುವಷ್ಟು ಬಿಸಿಯಾಗುತ್ತದೆ. ಅರಳಿಸುವ ಕೆಲಸವನ್ನು ಶಿಕ್ಷಕರು ಹಿಂದಿನ ದಿನವೇ ಮುಗಿಸಿರಬೇಕು. ಬಾಟಲಿಗಳಿಗೆ ಚೀಟಿ ಅಂಟಿಸಿ, ಬಿಸಿಯೂಟದ ಪಾತ್ರೆಗಳನ್ನು ಯಾವ ಕಾರಣಕ್ಕೂ ತರಬೇಡಿ.

ಅರಿಶಿನದ ಕಾಗದ

ಒಂದು ಚಮಚ ಅರಿಶಿನವನ್ನು 50 ಮಿ.ಲೀ. ಸ್ಪಿರಿಟ್‌ನಲ್ಲಿ ಕಲಕಿ, ಹತ್ತು ನಿಮಿಷ ಬಿಟ್ಟು, ತಿಳಿಯನ್ನು ಬಸಿದುಕೊಳ್ಳಿ. ಫಿಲ್ಟರ್ ಕಾಗದದ ಪಟ್ಟಿಗಳನ್ನು ಅದರಲ್ಲಿ ಅದ್ದಿ ನೆರಳಿನಲ್ಲಿ ಒಣಗಿಸಿ. ಸ್ಪಿರಿಟ್ ಬೆಂಕಿ ಹಿಡಿಯುವಂಥದ್ದು, ಹತ್ತಿರ ಒಲೆ ಇರಬಾರದು. ಪಿಎಚ್ (ಹುಳಿ, ಕ್ಷಾರದ ಅಳತೆ) ಸುಮಾರು 8 ದಾಟಿದರೆ ಹಳದಿ ಕಾಗದ ಕೆಂಪಾಗುತ್ತದೆ. ಆರತಿಗೆ ಅರಿಶಿನ, ಸುಣ್ಣ ಕದಡಿ ಕೆಂಪು ಓಕುಳಿ ನೀರು ಮಾಡುವುದನ್ನು ಎಲ್ಲ ಮಕ್ಕಳೂ ನೋಡಿರುತ್ತಾರೆ. 'ಆ ಕೆಂಪು ನೀರಿಗೆ ನಿಂಬೆರಸ ಹಿಂಡಿದರೆ ಏನಾದೀತು?' ಎಂದು ಕೇಳಿ, ಊಹೆ ಬರೆಸಿ, ಆಮೇಲೆ ಹಿಂಡಿಸಿ. ಐದೇ ನಿಮಿಷದ ಕೆಲಸ, ಆದರೆ ಊಹೆ ಬರೆಯುವ ಅಭ್ಯಾಸ ಇಲ್ಲಿಂದಲೇ ಕೂರುತ್ತದೆ.

ಬೋರ್ಡೋ ದ್ರಾವಣ: ಎಷ್ಟು ಸುಣ್ಣ ಸಾಕು?

ಮಕ್ಕಳನ್ನು ಮನೆಯಲ್ಲಿ ಕೇಳಿಕೊಂಡು ಬರಲು ಹೇಳಿ: ನೂರು ಲೀಟರಿಗೆ ಮೈಲುತುತ್ತ ಎಷ್ಟು, ಸುಣ್ಣ ಎಷ್ಟು? ಶೇ. 1ರ ದ್ರಾವಣಕ್ಕೆ ಎರಡೂ ಒಂದೊಂದು ಕೆ.ಜಿ. ಎಂದು ಹೆಚ್ಚಿನವರು ಹೇಳುತ್ತಾರೆ. ಈಗ ಕಪ್ಪು ಹಲಗೆಯ ಮೇಲೆ ಸಮೀಕರಣ ಬರೆಯಿರಿ:

ತಾಮ್ರದ ಸಲ್ಫೇಟ್ + ಕ್ಯಾಲ್ಸಿಯಂ ಹೈಡ್ರಾಕ್ಸೈಡ್ → ತಾಮ್ರದ ಹೈಡ್ರಾಕ್ಸೈಡ್ + ಕ್ಯಾಲ್ಸಿಯಂ ಸಲ್ಫೇಟ್

ಮೈಲುತುತ್ತದ ಹರಳಿನಲ್ಲಿ ಐದು ನೀರಿನ ಅಣುಗಳೂ ಸೇರಿರುವುದರಿಂದ ಅದರ ಸೂತ್ರರಾಶಿ 249.7. ಅರಳಿದ ಸುಣ್ಣದ್ದು 74.1. ಒಂದಕ್ಕೆ ಒಂದು ಕೂಡಬೇಕಾದರೆ 100 ಗ್ರಾಂ ಮೈಲುತುತ್ತಕ್ಕೆ ಸುಮಾರು 30 ಗ್ರಾಂ ಸುಣ್ಣ ಸಾಕು. ಹಾಗಾದರೆ ಒಂದು ಕೆ.ಜಿ.ಗೆ 300 ಗ್ರಾಂ. ರೈತರು ಮೂರು ಪಟ್ಟಿಗಿಂತ ಜಾಸ್ತಿ ಹಾಕುತ್ತಾರೆ, ಯಾಕೆ? ಇಲ್ಲಿಗೆ ನಿಲ್ಲಿಸಿ, ಉತ್ತರ ಹೇಳಬೇಡಿ. 'ದಂಡ' ಎನ್ನುವವರು, 'ಗಟ್ಟಿಯಾಗಿ ಅಂಟಲಿ ಅಂತ' ಎನ್ನುವವರು, 'ಸುಣ್ಣದಲ್ಲಿ ಕಲ್ಲು ಇರುತ್ತೆ' ಎನ್ನುವವರು ಎದ್ದು ನಿಲ್ಲುತ್ತಾರೆ. ಎಲ್ಲವನ್ನೂ ಹಲಗೆಯ ಮೂಲೆಯಲ್ಲಿ ಬರೆದಿಡಿ.

ಶಾಲೆಯ ತಕ್ಕಡಿಯಲ್ಲಿ 0.02 ಗ್ರಾಂ ಸುಣ್ಣ ತೂಗಲು ಆಗುವುದಿಲ್ಲ. ಸಿರಿಂಜಿನಲ್ಲಿ 1 ಮಿ.ಲೀ. ಅಳೆಯಲು ಏಳನೇ ತರಗತಿಯ ಮಗುವಿಗೂ ಬರುತ್ತದೆ. ಆದ್ದರಿಂದ ತೂಕದ ಕೆಲಸವನ್ನು ಅಳತೆಯ ಕೆಲಸವಾಗಿ ಬದಲಿಸಿಕೊಳ್ಳೋಣ.

1. 10 ಗ್ರಾಂ ಮೈಲುತುತ್ತವನ್ನು ಪ್ಲಾಸ್ಟಿಕ್ ಅಥವಾ ಗಾಜಿನ ಪಾತ್ರೆಯಲ್ಲಿ ಕರಗಿಸಿ, ನೀರು ಸೇರಿಸಿ 500 ಮಿ.ಲೀ. ಮಾಡಿ. ಹರಳನ್ನು ತಳಕ್ಕೆ ಹಾಕಿದರೆ ತಡವಾಗುತ್ತದೆ. ಬಟ್ಟೆಯ ಗಂಟು ಕಟ್ಟಿ ನೀರಿನ ಮೇಲ್ಭಾಗದಲ್ಲಿ ತೂಗುಬಿಟ್ಟರೆ ಬೇಗ ಕರಗುತ್ತದೆ, ಬ್ಯಾರೆಲಿನಲ್ಲೂ ಈ ಉಪಾಯ ನಡೆಯುತ್ತದೆ. ಕರಗಿದ ಭಾರದ ನೀರು ಕೆಳಗಿಳಿದಂತೆ ಹೊಸ ನೀರು ಹರಳಿಗೆ ತಾಗುವುದೇ ಕಾರಣ.

2. 10 ಗ್ರಾಂ ಸುಣ್ಣದ ಪುಡಿಯನ್ನು ಸ್ವಲ್ಪ ನೀರಿನಲ್ಲಿ ಕದಡಿ, ಬಟ್ಟೆಯಲ್ಲಿ ಸೋಸಿ, 500 ಮಿ.ಲೀ.ಗೆ ಏರಿಸಿ. ಇದು ದ್ರಾವಣವಲ್ಲ, ಹಾಲಿನಂಥ ನಿಲಂಬಿತ. ಪ್ರತಿ ಸಲ ಸಿರಿಂಜ್ ಅದ್ದುವ ಮುಂಚೆ ಚೆನ್ನಾಗಿ ಅಲ್ಲಾಡಿಸಲೇಬೇಕು. ಈ ಪ್ರಯೋಗ ಹಾಳಾಗುವುದು ಹೆಚ್ಚಾಗಿ ಇಲ್ಲೇ. ಅಲ್ಲಾಡಿಸದೆ ಮೇಲಿನ ತಿಳಿ ಎಳೆದರೆ ಅದರಲ್ಲಿ ಸುಣ್ಣ ಹೆಸರಿಗಷ್ಟೇ ಇರುತ್ತದೆ, ಏಕೆಂದರೆ ಒಂದು ಲೀಟರ್ ನೀರಿನಲ್ಲಿ ಕರಗುವ ಸುಣ್ಣ 2 ಗ್ರಾಂ ಕೂಡ ಇಲ್ಲ.

3. ಐದು ಬಾಟಲಿಗೆ ಕ್ರಮವಾಗಿ 1, 2, 3, 5, 10 ಮಿ.ಲೀ. ಸುಣ್ಣದ ಹಾಲು ಹಾಕಿ. ಮೊದಲ ನಾಲ್ಕಕ್ಕೆ 9, 8, 7, 5 ಮಿ.ಲೀ. ನೀರು ಸೇರಿಸಿ ಎಲ್ಲವನ್ನೂ 10 ಮಿ.ಲೀ.ಗೆ ತನ್ನಿ. ನೀರಿನ ಲೆಕ್ಕ ತಪ್ಪಿದರೆ ನೀಲಿ ತೆಳುವಾದದ್ದು ಸುಣ್ಣದಿಂದಲೋ ನೀರಿನಿಂದಲೋ ಗೊತ್ತಾಗುವುದಿಲ್ಲ. ಬದಲಿಸುವುದು ಒಂದನ್ನೇ ಎಂಬ ಪಾಠ ಇದರಲ್ಲೇ ಇದೆ.

4. ಇನ್ನೊಂದು ಸಿರಿಂಜಿನಿಂದ ಪ್ರತಿ ಬಾಟಲಿಗೂ 10 ಮಿ.ಲೀ. ಮೈಲುತುತ್ತದ ದ್ರಾವಣವನ್ನು ನಿಧಾನಕ್ಕೆ ಬಿಡುತ್ತ ಬಾಟಲಿಯನ್ನು ಆಡಿಸಿ. ಹತ್ತು ನಿಮಿಷ ಮುಟ್ಟದೆ ಬಿಡಿ. ಕೊನೆಯ ಬಾಟಲಿಯಲ್ಲಿ ಇರುವುದೇ ಶೇ. 1ರ ಬೋರ್ಡೋ.

5. ಮೂರು ಪರೀಕ್ಷೆ ಮಾಡಿ: ಮೇಲಿನ ತಿಳಿಯ ಬಣ್ಣ ನೋಡುವುದು, ಉಜ್ಜಿದ ಮೊಳೆಯನ್ನು ಎರಡು ನಿಮಿಷ ಅದ್ದುವುದು, ಅರಿಶಿನದ ಕಾಗದ ತಾಗಿಸುವುದು.

ಮೊದಲ ಬಾಟಲಿಯ ತಿಳಿ ನೀಲಿಯಾಗಿಯೇ ಉಳಿದಿರುತ್ತದೆ, ಮೊಳೆ ನೋಡನೋಡುತ್ತಲೇ ತಾಮ್ರದ ಬಣ್ಣ ತಾಳುತ್ತದೆ, ಅರಿಶಿನ ಕದಲುವುದಿಲ್ಲ. ಎರಡನೆಯದರಲ್ಲಿ ನೀಲಿ ತೀರಾ ಮಂಕು, ಮೊಳೆಯ ಮೇಲೆ ನಸುಗೆಂಪು. ಐದು ಮತ್ತು ಹತ್ತು ಮಿ.ಲೀ. ಬಾಟಲಿಗಳಲ್ಲಿ ತಿಳಿಗೆ ಬಣ್ಣವಿಲ್ಲ, ಮೊಳೆ ಇದ್ದ ಹಾಗೇ, ಅರಿಶಿನ ಕೆಂಪು. ಜಗಳ ಹತ್ತುವುದು ಮೂರನೆಯದರ ಸುತ್ತ. ಲೆಕ್ಕದ ಪ್ರಕಾರ 0.2 ಗ್ರಾಂ ಮೈಲುತುತ್ತಕ್ಕೆ 0.06 ಗ್ರಾಂ ಸುಣ್ಣ, ಅಂದರೆ ಸರಿಯಾಗಿ ಈ 3 ಮಿ.ಲೀ. ಒಂದು ಗುಂಪಿನ ಮೊಳೆ ಕೆಂಪಾಗುತ್ತದೆ, ಇನ್ನೊಂದರದ್ದು ಆಗುವುದಿಲ್ಲ. ಆ ವ್ಯತ್ಯಾಸವನ್ನು ದಯವಿಟ್ಟು ಒರೆಸಿಹಾಕಬೇಡಿ. ಯಾರು ಅಲ್ಲಾಡಿಸಿದರು, ಯಾರು ಮರೆತರು, ಯಾರ ಮೊಳೆ ಚೆನ್ನಾಗಿ ಉಜ್ಜಿತ್ತು ಎಂದು ಮಕ್ಕಳೇ ವಾದಿಸಲಿ. ಒಬ್ಬ ಶಿಕ್ಷಕರು ಈ ಪ್ರಯೋಗದಿಂದ ಒಂದೇ ವಿಷಯ ತೆಗೆದುಕೊಳ್ಳುವುದಾದರೆ ಇದನ್ನು ತೆಗೆದುಕೊಳ್ಳಲಿ: ಅರಿಶಿನ ಕೆಂಪಾಗುವುದು ತಾಮ್ರ ಮುಗಿದ ಮೇಲೆಯೇ. ಹಾಕಿದ ಸುಣ್ಣದ ಹೈಡ್ರಾಕ್ಸೈಡ್ ಅಯಾನುಗಳನ್ನೆಲ್ಲ ಅಲ್ಲಿಯವರೆಗೆ ತಾಮ್ರ ಎಳೆದುಕೊಳ್ಳುತ್ತಿರುತ್ತದೆ. ಒಂದು ದ್ರಾವಣವನ್ನು ಅಳೆದು ಹಾಕುತ್ತ ಇನ್ನೊಂದರಲ್ಲಿ ಏನೆಷ್ಟಿದೆ ಎಂದು ಕಂಡುಹಿಡಿಯುವ, ಪಿಯುಸಿಯಲ್ಲಿ ಬರುವ ಟೈಟ್ರೇಶನ್‌ನ ತಿರುಳೂ ಇದೇ.

ಕೆಲವೊಮ್ಮೆ 3 ಮಿ.ಲೀ. ಆಗುವ ಮುಂಚೆಯೇ ತಾಮ್ರ ಮುಗಿದಂತೆ ಕಂಡೀತು. ಸುಣ್ಣ ಕಡಿಮೆ ಇದ್ದಾಗ ಬರೀ ಹೈಡ್ರಾಕ್ಸೈಡ್ ಆಗದೆ ಸಲ್ಫೇಟನ್ನೂ ಹಿಡಿದುಕೊಂಡ ಹಸಿರುಮಿಶ್ರಿತ ಪ್ರಕ್ಷೇಪ (ಕರಗದೆ ತಳಕ್ಕಿಳಿಯುವ ಗಷ್ಟು) ಬರುತ್ತದೆ, ಅದಕ್ಕೆ ಸುಣ್ಣ ಕಡಿಮೆ ಸಾಕು. ಹಲಗೆಯ ಮೇಲಿನ ಸಮೀಕರಣ ನಡೆದದ್ದನ್ನು ಸರಳ ಮಾಡಿ ಹೇಳುತ್ತದೆ ಎಂಬುದನ್ನು ಹತ್ತನೇ ತರಗತಿಯ ಮಕ್ಕಳಿಗೆ ಧೈರ್ಯವಾಗಿ ಹೇಳಬಹುದು.

ಈಗ ಮೂರು ಪಟ್ಟು ಸುಣ್ಣದ ಪ್ರಶ್ನೆಗೆ ಬನ್ನಿ. ಮಕ್ಕಳು ಮನೆಯಿಂದ ಬೇರೆ ಬೇರೆ ಸುಣ್ಣ ತರಲಿ: ಚಿಪ್ಪಿನ ಸುಣ್ಣ, ಕಲ್ಲುಸುಣ್ಣ, ಹೋದ ವರ್ಷದಿಂದ ಚೀಲದಲ್ಲಿ ಉಳಿದದ್ದು. ಎಲ್ಲದರಿಂದಲೂ ಇದೇ ಅಳತೆಯ ಹಾಲು ಮಾಡಿ, 10 ಮಿ.ಲೀ. ಮೈಲುತುತ್ತದ ದ್ರಾವಣದಲ್ಲಿ ಮೊಳೆ ಕೆಂಪಾಗದಿರಲು ಯಾವ ಸುಣ್ಣ ಎಷ್ಟು ಮಿ.ಲೀ. ಬೇಕಾಯಿತು ಎಂದು ಬರೆಯಿರಿ. ಹಳೆಯ ಸುಣ್ಣಕ್ಕೆ ಜಾಸ್ತಿ ಬೇಕಾಗುತ್ತದೆ. ಒಂದು ಚಿಟಿಕೆಯ ಮೇಲೆ ವಿನೆಗರ್ ಬಿಟ್ಟರೆ ಕಾರಣ ಕಣ್ಣಿಗೇ ಕಾಣುತ್ತದೆ. ಹೊಸದು ಸುಮ್ಮನೆ ಕರಗುತ್ತದೆ, ಹಳೆಯದು ಬುರಬುರ ನೊರೆ ಬಿಡುತ್ತದೆ. ಗಾಳಿಯ ಕಾರ್ಬನ್ ಡೈಆಕ್ಸೈಡ್ ಹೀರಿ ಅದು ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿಬಿಟ್ಟಿದೆ, ಮಲೆನಾಡಿನ ತೇವದಲ್ಲಿ ಈ ಕೆಲಸ ಇನ್ನೂ ಚುರುಕು. ಸುಣ್ಣದ ಗುಣ ಚೀಲದಿಂದ ಚೀಲಕ್ಕೆ ಹೀಗೆ ಬದಲಾಗುವುದರಿಂದಲೇ ರೈತರು ಧಾರಾಳವಾಗಿ ಹಾಕುತ್ತಾರೆ. ತಾಮ್ರ ಬಿಡಿಯಾಗಿ ಉಳಿದರೆ ಎಳೆಯ ಭಾಗ ಸುಡುತ್ತದೆ, ಸುಣ್ಣ ಹೆಚ್ಚಾದರೆ ಅಂಥ ಅಪಾಯವಿಲ್ಲ. ಕತ್ತಿ ಅದ್ದುವುದು ಆ ಬಿಡಿ ತಾಮ್ರವನ್ನು ಹಿಡಿಯುವುದಕ್ಕೆ.

ಯಾವುದಕ್ಕೆ ಯಾವುದನ್ನು ಸುರಿಯಬೇಕು ಎಂಬುದೂ ಒಳ್ಳೆಯ ಪ್ರಯೋಗ. ನೇರ ಗೋಡೆಯ ಎರಡು ಬಾಟಲಿ ತೆಗೆದುಕೊಳ್ಳಿ. ಒಂದರಲ್ಲಿ 50 ಮಿ.ಲೀ. ಸುಣ್ಣದ ಹಾಲಿಗೆ 50 ಮಿ.ಲೀ. ಮೈಲುತುತ್ತ, ಇನ್ನೊಂದರಲ್ಲಿ ಅದೇ ಅಳತೆಯ ಮೈಲುತುತ್ತಕ್ಕೆ ಸುಣ್ಣ. ಒಬ್ಬರೇ, ಒಂದೇ ವೇಗದಲ್ಲಿ ಕಲಕಬೇಕು. ಹೊರಗೆ ಕಾಗದದ ಪಟ್ಟಿ ಅಂಟಿಸಿ, ಹತ್ತು ನಿಮಿಷಕ್ಕೊಮ್ಮೆ ಗಷ್ಟು ಎಲ್ಲಿಗೆ ಇಳಿದಿದೆ ಎಂದು ಗೆರೆ ಎಳೆಯುತ್ತ ಒಂದು ಗಂಟೆ ನೋಡಿ, ನಕ್ಷೆ ಬರೆಸಿ. ಸುಣ್ಣಕ್ಕೆ ಮೈಲುತುತ್ತ ಸುರಿದದ್ದು ನಯವಾಗಿ, ಹೆಚ್ಚು ಹೊತ್ತು ತೇಲಿಕೊಂಡಿರುತ್ತದೆ. ತಿರುಗಾಮುರುಗಾ ಮಾಡಿದ್ದು ತರಿತರಿಯಾಗಿ ಬೇಗ ತಳ ಹಿಡಿಯುತ್ತದೆ, ನಾಜಲ್‌ನಲ್ಲಿ ಕಟ್ಟಿಕೊಳ್ಳುವುದೂ ಇದೇ. ಬಿಸಿಯ ಪರಿಣಾಮ ತೋರಿಸಬೇಕೆಂದರೆ ಸ್ವಲ್ಪ ಪ್ರಕ್ಷೇಪವನ್ನು ಪ್ರನಾಳದಲ್ಲಿ ಹಾಕಿ ಕುದಿಯುವ ನೀರಿನಲ್ಲಿ ಇಳಿಬಿಡಿ. ನೀಲಿ ಹೋಗಿ ಕಪ್ಪಾಗುತ್ತದೆ, ಹೈಡ್ರಾಕ್ಸೈಡ್ ಒಡೆದು ತಾಮ್ರದ ಆಕ್ಸೈಡ್ ಆಗುತ್ತದೆ. ಆಗಷ್ಟೇ ಅರಳಿಸಿದ ಬಿಸಿ ಸುಣ್ಣವನ್ನು ಆರಿಸದೆ ಕಲಸಬಾರದು ಎನ್ನುವುದು ಇದಕ್ಕೇ.

ಈ ದ್ರಾವಣದ ಹುಟ್ಟಿನ ಕಥೆಯನ್ನು ಪ್ರಯೋಗ ಮುಗಿದ ಮೇಲೆ ಹೇಳಿ, ಮೊದಲಲ್ಲ. ಫ್ರಾನ್ಸಿನ ಬೋರ್ಡೋ ಸೀಮೆಯ ದ್ರಾಕ್ಷಿ ಬೆಳೆಗಾರರು ದಾರಿಹೋಕರು ಹಣ್ಣು ಕಿತ್ತು ತಿನ್ನದಿರಲಿ ಎಂದು ರಸ್ತೆಯ ಅಂಚಿನ ಬಳ್ಳಿಗಳಿಗೆ ಮೈಲುತುತ್ತ, ಸುಣ್ಣ ಎರಚುತ್ತಿದ್ದರು. ಆ ಬಳ್ಳಿಗಳಿಗೆ ಮಾತ್ರ ಬೂಜುರೋಗ ಬಂದಿಲ್ಲ ಎಂಬುದನ್ನು ಮಿಲಾರ್ಡೆ ಎಂಬ ಸಸ್ಯವಿಜ್ಞಾನಿ 1882ರಲ್ಲಿ ಗಮನಿಸಿ, ಪ್ರಯೋಗ ನಡೆಸಿ, 1885ರಲ್ಲಿ ಪ್ರಕಟಿಸಿದರು. ಇಪ್ಪತ್ತನೇ ಶತಮಾನದ ಮೊದಲ ದಶಕಗಳಲ್ಲಿ ಮೈಸೂರು ಸಂಸ್ಥಾನದ ಕೃಷಿ ವಿಜ್ಞಾನಿ, ಕೆನಡಾದ ಲೆಸ್ಲಿ ಕೋಲ್‌ಮನ್ ಅಡಿಕೆಯ ಕೊಳೆರೋಗವನ್ನು ಅಧ್ಯಯನ ಮಾಡಿ ಇದೇ ದ್ರಾವಣವನ್ನು ನಮ್ಮ ತೋಟಗಳಿಗೆ ಹೇಳಿಕೊಟ್ಟರು. ಕಂಡದ್ದನ್ನು ಗಮನಿಸುವುದು, ಪ್ರಶ್ನೆ ಹಾಕುವುದು, ಅಳೆದು ನೋಡುವುದು: ಆಗಲೇ ಬಾಟಲಿ ಹಿಡಿದು ಅದನ್ನೇ ಮಾಡಿದ ಮಕ್ಕಳಿಗೆ ಈ ಕಥೆ ನಾಟುತ್ತದೆ.

ಚೊಗರಿನ ಶಾಯಿ

ಬಾಳೆಕಾಯಿ ಹೆಚ್ಚಿದ ಮೆಟ್ಟುಗತ್ತಿ ಯಾಕೆ ಕಪ್ಪಾಗುತ್ತದೆ? ಪ್ರಶ್ನೆ ಇಲ್ಲಿಂದ ಶುರುವಾಗಲಿ. ಅಡಿಕೆ ಬೇಯಿಸಿದ ಚೊಗರಿನಲ್ಲಿ ಒಗರು ಕೊಡುವ ಟ್ಯಾನಿನ್ ತುಂಬಿರುತ್ತದೆ, ಕಬ್ಬಿಣ ಸೇರಿದರೆ ಅದು ಕಪ್ಪು.

ಕಬ್ಬಿಣದ ನೀರು ತಯಾರಾಗಲು ದಿನ ಹಿಡಿಯುವುದರಿಂದ ಅದನ್ನು ಒಂದು ವಾರ ಮೊದಲೇ ಇಡಬೇಕು. 5 ಗ್ರಾಂ ಮೊಳೆ ಅಥವಾ ಸೋಪಿಲ್ಲದ ಕಬ್ಬಿಣದ ನಾರನ್ನು 50 ಮಿ.ಲೀ. ವಿನೆಗರ್‌ನಲ್ಲಿ ಮುಳುಗಿಸಿ. ಮುಚ್ಚಳ ಬಿಗಿಯಬಾರದು, ಹೈಡ್ರೋಜನ್ ಹೊರಹೋಗದೆ ಬಾಟಲಿ ಸಿಡಿಯಬಹುದು. ಬಟ್ಟೆ ಕಟ್ಟಿ, ಬೆಂಕಿಯಿಂದ ದೂರ ಇಡಿ. ನಾರಿಗೆ ಮೂರ್ನಾಲ್ಕು ದಿನ, ಮೊಳೆಗೆ ವಾರ ಬೇಕು. ವಿನೆಗರ್ ಘಾಟು ಸಾಕಷ್ಟು ತಗ್ಗಿದ ಮೇಲೆಯೇ ಸೋಸಿ. ಆಮ್ಲ ಜಾಸ್ತಿ ಉಳಿದರೆ ಶಾಯಿ ಎಷ್ಟು ಹೊತ್ತಾದರೂ ಕಪ್ಪೇರುವುದಿಲ್ಲ.

ಅಡಿಕೆ ಸುಲಿಯುವ ಕಾಲದಲ್ಲಿ ಮನೆಯಿಂದ 100 ಮಿ.ಲೀ. ಚೊಗರು ತರಿಸಿದರೆ ಸಾಕು. ಸಿಗದಿದ್ದರೆ 10 ಗ್ರಾಂ ಎಳೆ ಅಡಿಕೆಯ ಹೋಳನ್ನು 100 ಮಿ.ಲೀ. ನೀರಿನಲ್ಲಿ ಇಪ್ಪತ್ತು ನಿಮಿಷ ಕುದಿಸಿ. ಕಬ್ಬಿಣದ ಪಾತ್ರೆ ಬೇಡ. ಮನೆಗಳಲ್ಲಿ ಅಡಿಕೆ ಬೇಯಿಸುವುದು ತಾಮ್ರದ ಹಂಡೆಯಲ್ಲಿ ಯಾಕೆ ಎಂಬ ಪ್ರಶ್ನೆಯನ್ನು ಮಕ್ಕಳಿಗೇ ಬಿಡಿ. ಅಡಿಕೆ, ಚೊಗರು ಯಾರೂ ಬಾಯಿಗೆ ಹಾಕಬಾರದು. ಅಡಿಕೆ ಜಗಿಯುವುದು ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಹೇಳಿದೆ. ಅಡಿಕೆಯಿಂದಲೇ ಬದುಕುವ ಊರಿನಲ್ಲೂ ಇದನ್ನು ನೇರವಾಗಿ ಹೇಳಬೇಕು.

ಇದರ ಜೊತೆಗೆ ಅಳಲೆಕಾಯಿ ಸಿಪ್ಪೆ, ನೆಲ್ಲಿಕಾಯಿ, ಚಹಾಪುಡಿಯ ಕಷಾಯಗಳನ್ನೂ ಇದೇ ಅಳತೆಯಲ್ಲಿ ಮಾಡಿಕೊಳ್ಳಿ. ಪ್ರತಿಯೊಂದರ 5 ಮಿ.ಲೀ.ಗೆ ಕಬ್ಬಿಣದ ನೀರನ್ನು ಹನಿ ಹನಿಯಾಗಿ ಹಾಕಿ ಎಣಿಸಿ. ಅಡಿಕೆಯ ಕಪ್ಪಿನಲ್ಲಿ ಹಸಿರು ಛಾಯೆ, ಅಳಲೆಕಾಯಿಯದರಲ್ಲಿ ನೀಲಿ ಛಾಯೆ ಕಾಣುತ್ತದೆ. ಎರಡೂ ಟ್ಯಾನಿನ್ನೇ ಆದರೂ ಅಣುವಿನ ರಚನೆ ಬೇರೆ. ಬಣ್ಣ ಗಟ್ಟಿ ಇದ್ದಾಗ ಈ ವ್ಯತ್ಯಾಸ ಕಾಣದು, ಒಂದು ಹನಿಯನ್ನು ಬಿಳಿ ತಟ್ಟೆಯ ಮೇಲೆ ನೀರು ಬೆರೆಸಿ ಹರಡಿ ನೋಡಬೇಕು.

ಬಿದಿರ ಕಡ್ಡಿ ಚೂಪು ಮಾಡಿ ಬರೆಸಿ. ಬರೆಯುವಾಗ ಅಕ್ಷರ ಮಂಕು, ಒಣಗುತ್ತ ಹೋದಂತೆ ಕಪ್ಪೇರುತ್ತದೆ. ಗಾಳಿಯ ಆಕ್ಸಿಜನ್ ಕಬ್ಬಿಣವನ್ನು ಫೆರಸ್‌ನಿಂದ ಫೆರಿಕ್‌ಗೆ ತರುವುದೇ ಇದರ ಗುಟ್ಟು, ಉತ್ಕರ್ಷಣದ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಹುಡುಕುವುದು ಕಷ್ಟ. ಒಣಗಿದ ಅಕ್ಷರದ ಮೇಲೆ ನಿಂಬೆರಸದ ಹನಿ ಬಿಟ್ಟರೆ ಕಪ್ಪು ಮಾಸುತ್ತದೆ, ಸಿಟ್ರಿಕ್ ಆಮ್ಲ ಕಬ್ಬಿಣವನ್ನು ಟ್ಯಾನಿನ್ನಿನ ಹಿಡಿತದಿಂದ ಬಿಡಿಸಿಕೊಳ್ಳುತ್ತದೆ. ಶಾಯಿ ಹರಡಿದರೆ ಎರಡು ಹನಿ ಗೋಂದು ಸೇರಿಸಿ.

ಮುರುಗಲು ಮತ್ತು ಮಣ್ಣು

ಮುರುಗಲು ಸಿಪ್ಪೆಯ ಕೆಂಪು ನೀರು ಅರಿಶಿನದಂತೆ ಬಣ್ಣ ಬದಲಿಸುವ ಒಳ್ಳೆಯ ಸೂಚಕವಾದೀತು ಎಂದು ಮಕ್ಕಳು ಅಡುಗೆ ಸೋಡಾ ಹಾಕುತ್ತಾರೆ, ಚಿಟಿಕೆ ಹಾಕಿದರೂ ಬಣ್ಣ ಬದಲಾಗುವುದಿಲ್ಲ. ಮುರುಗಲಲ್ಲಿ ತನ್ನದೇ ಆಮ್ಲ ಬೇಕಾದಷ್ಟಿದೆ, ಅದು ತಟಸ್ಥವಾಗುವವರೆಗೆ ಕೆಂಪು ಕದಲದು. ಎಷ್ಟು ಚಿಟಿಕೆಗೆ ಬದಲಾಯಿತು ಎಂದು ಎಣಿಸಿದರೆ ಹುಳಿಯ ಅಳತೆ ಸಿಕ್ಕಂತೆ. ದಾಸವಾಳದ ದಳದಲ್ಲಿ ಈ ತೊಡಕಿಲ್ಲ.

ನಮ್ಮ ಕೆಂಪು ಮಣ್ಣು ಹುಳಿ, ಧಾರಾಕಾರ ಮಳೆ ಕ್ಯಾಲ್ಸಿಯಂ, ಮೆಗ್ನೀಸಿಯಂ ತೊಳೆದುಕೊಂಡು ಹೋಗಿರುತ್ತದೆ. ಕೆಂಪಿಗೆ ಕಾರಣ ಕಬ್ಬಿಣದ ಆಕ್ಸೈಡ್. ಕೆಮ್ಮಣ್ಣುಗುಂಡಿಯ ಅದಿರನ್ನು ಭದ್ರಾವತಿಯ ಕಾರ್ಖಾನೆಯಲ್ಲಿ 1923ರಿಂದ ಕಟ್ಟಿಗೆಯ ಇದ್ದಿಲಿನಿಂದ ಕರಗಿಸಿ ಕಬ್ಬಿಣ ತೆಗೆದದ್ದನ್ನು ಅಪಕರ್ಷಣದ ಪಾಠದಲ್ಲಿ ಹೇಳಬಹುದು. ಮಣ್ಣಿನ ಹುಳಿ ನೋಡಲು 10 ಗ್ರಾಂ ಮಣ್ಣನ್ನು 25 ಮಿ.ಲೀ. ಮಳೆನೀರಿನಲ್ಲಿ ಕದಡಿ, ಅರ್ಧ ಗಂಟೆ ಬಿಟ್ಟು, ಸೋಸಿದ ತಿಳಿಗೆ ಪಿಎಚ್ ಕಾಗದ ತಾಗಿಸಿ. ದಾಸವಾಳ ಇಲ್ಲಿ ಸಾಲದು, 5ಕ್ಕೂ 6ಕ್ಕೂ ಇರುವ ಅಂತರವನ್ನು ಅದು ತೋರಿಸುವುದಿಲ್ಲ.

ನಲವತ್ತು ನಿಮಿಷದ ಲೆಕ್ಕ

ಬೋರ್ಡೋ ಪ್ರಯೋಗವನ್ನು ಒಂದೇ ಪೀರಿಯಡ್‌ಗೆ ತುರುಕಬೇಡಿ. ಮೊದಲ ದಿನ ಪ್ರಶ್ನೆ, ಲೆಕ್ಕ, ಊಹೆ. ಎರಡನೆಯ ದಿನ ಐದು ಬಾಟಲಿ. ಮೂರನೆಯ ದಿನ ಮನೆಯ ಸುಣ್ಣ. ಊಹೆಯನ್ನು ಪೆನ್ನಿನಲ್ಲಿ ಬರೆಸಿ, ಪೆನ್ಸಿಲ್ಲಿನಲ್ಲಿ ಬರೆದರೆ ಫಲಿತಾಂಶ ನೋಡಿ ತಿದ್ದುತ್ತಾರೆ. ತಪ್ಪು ಊಹೆಗೆ ಅಂಕ ಕಳೆಯಬಾರದು, ಕಾರಣ ಬರೆದಿಲ್ಲದಿದ್ದರೆ ಕಳೆಯಿರಿ. 'ಸರ್, ಸರಿ ಉತ್ತರ ಯಾವುದು?' ಎಂದು ಕೇಳಿದರೆ 'ನಿನ್ನ ಮೊಳೆ ಏನು ಹೇಳಿತು?' ಎಂದು ತಿರುಗಿ ಕೇಳಿ. ತೋಟದ ಕೆಲಸ ಬಲ್ಲ ಮಕ್ಕಳನ್ನು ಎಲ್ಲ ಗುಂಪಿಗೂ ಹಂಚಿ. ಪಾಠದಲ್ಲಿ ಹಿಂದಿನ ಬೆಂಚಿನವರಾದ ಎಷ್ಟೋ ಮಕ್ಕಳು ಸುಣ್ಣದ ವಿಷಯದಲ್ಲಿ ಮುಂದೆ ಬಂದು ನಿಲ್ಲುತ್ತಾರೆ, ಆಗ ಶಿಕ್ಷಕರು ಅವರಿಂದ ಕೇಳಿ ತಿಳಿದುಕೊಳ್ಳಲು ಹಿಂಜರಿಯಬಾರದು.

ಉಳಿದದ್ದನ್ನು ಹಳ್ಳಕ್ಕಾಗಲಿ ಬಚ್ಚಲಿಗಾಗಲಿ ಚೆಲ್ಲಬೇಡಿ, ತಾಮ್ರ ಮೀನಿಗೆ ವಿಷ. ಎಲ್ಲ ಬಾಟಲಿಗಳನ್ನೂ ಒಂದು ಬಕೆಟ್‌ಗೆ ಸುರಿದು, ಅರಿಶಿನದ ಕಾಗದ ಕೆಂಪಾಗುವವರೆಗೆ ಸುಣ್ಣದ ಹಾಲು ಹಾಕಿ, ರಾತ್ರಿ ಬಿಡಿ. ಬೆಳಿಗ್ಗೆ ಮೊಳೆ ಅದ್ದಿ, ಕೆಂಪಾಗದಿದ್ದರೆ ಮೇಲಿನ ತಿಳಿಯನ್ನು ಬಾವಿ, ಹಳ್ಳದಿಂದ ದೂರದ ಮಣ್ಣಿಗೆ ಸುರಿಯಬಹುದು. ತಳದ ನೀಲಿ ಗಷ್ಟನ್ನು ಒಣಗಿಸಿ ಚೀಟಿ ಅಂಟಿಸಿದ ಡಬ್ಬಿಯಲ್ಲಿಟ್ಟು ಬೀಗದ ಕಪಾಟಿಗೆ ಸೇರಿಸಿ. ಸಿರಿಂಜುಗಳನ್ನು ವಿನೆಗರ್‌ನಲ್ಲಿ ಒಮ್ಮೆ, ನೀರಿನಲ್ಲಿ ಎರಡು ಸಲ ತೊಳೆದಿಡಿ, ಇಲ್ಲದಿದ್ದರೆ ಸುಣ್ಣ ಕಚ್ಚಿಕೊಂಡು ಮುಂದಿನ ತರಗತಿಗೆ ಹಿಡಿ ಅಲ್ಲಾಡುವುದಿಲ್ಲ.